ಮೋಹನದಾಸರು ಅಳೆದ ಬಿಳಿ

ಮೋಹನದಾಸರ ಜೊತೆ ಜಗಳವಾಡದ ಗಿರಾಕಿಯೊಬ್ಬ ದುಬೈಯಲ್ಲಿದ್ದಾನೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆ ಜಗಳಗಳೆಲ್ಲ ಫೋನಿನ ಮೂಲಕ ಬಂದು ಬೀಳುತ್ತಿದ್ದದ್ದು ನನ್ನ ಕಿವಿಗೇ. ದೊಡ್ಡ ಟೀವಿ, ಸ್ಪೀಕರು, ಪ್ರೊಜೆಕ್ಟರುಗಳನ್ನು ಮಾರಿ ಮನೆಮನೆಗೆ ಹೋಗಿ ಕೂರಿಸಿಕೊಡುವ ಕಂಪನಿ ನಮ್ಮದು. ಕಚೇರಿ ಇದ್ದದ್ದು ಅಲ್ ಬರ್ಷಾದಲ್ಲಿ. ನಾನು ಸುಮಿತ್ರಾ, ಮೈಸೂರಿನವಳು. ಯಾರು ಯಾವತ್ತು ಯಾವ ಮನೆಗೆ ಹೋಗಬೇಕೆಂದು ಗೊತ್ತುಮಾಡುವುದು, ಅವರು ಹೋಗಿಬಂದ ಮೇಲೆ ಬೈಗುಳ ಕೇಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮೋಹನದಾಸರದು ಪ್ರೊಜೆಕ್ಟರಿನ ಬಣ್ಣ ಸರಿಮಾಡುವ ಕೆಲಸ.

ಅದೂ ಒಂದು ಕೆಲಸವೇ ಎಂದು ಕೇಳುವವರಿಗೆ ಹೇಳುತ್ತೇನೆ. ಹೊಸ ಪ್ರೊಜೆಕ್ಟರು ಪೆಟ್ಟಿಗೆಯಿಂದ ಹೊರಬಂದಾಗ ಅದರ ಬಿಳಿ ಬಿಳಿಯಾಗಿರುವುದಿಲ್ಲ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಎಂದು ನೀಲಿ ತುಂಬಿಸಿ ಕಳಿಸಿರುತ್ತಾರೆ. ಮೋಹನದಾಸರು ಕೋಣೆಯ ಕರ್ಟನ್ನುಗಳನ್ನೆಲ್ಲ ಎಳೆದು ಕತ್ತಲು ಮಾಡಿ, ಅಂಗೈಯಲ್ಲಿ ಹಿಡಿಸುವಂಥ ಸೆನ್ಸರ್ ಒಂದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಪರದೆಗೆ ಎದುರಾಗಿ ನಿಲ್ಲಿಸುತ್ತಿದ್ದರು. ಪರದೆಯ ಮೇಲೆ ಬಿಳಿ, ಬೂದು, ಕೆಂಪು, ಹಸಿರು, ನೀಲಿ ಚೌಕಗಳು ಒಂದಾದ ಮೇಲೊಂದು ಬರುತ್ತವೆ. ಇಲ್ಲಿ ನೀಲಿ ಜಾಸ್ತಿ, ಇಲ್ಲಿ ಕೆಂಪು ಕಮ್ಮಿ ಎಂದು ಸೆನ್ಸರು ಲ್ಯಾಪ್‌ಟಾಪಿಗೆ ಹೇಳುತ್ತದೆ. ಇವರು ರಿಮೋಟು ಹಿಡಿದು ಒಂದನ್ನು ಚೂರು ಏರಿಸಿ, ಇನ್ನೊಂದನ್ನು ಚೂರು ಇಳಿಸಿ, ಬಿಳಿ ಬಿಳಿಯಾಗುವವರೆಗೆ ಕೂತಲ್ಲಿಂದ ಏಳುವವರಲ್ಲ.

ಎಲ್ಲ ಮುಗಿದ ಮೇಲೆ ಮನೆಯ ಯಜಮಾನ ಒಳಗೆ ಬರುತ್ತಾನೆ. ಬಂದವನೇ "ಇದೇನು ಹಳದಿ ಹಳದಿ ಮಾಡಿಟ್ಟಿದ್ದೀರಿ?" ಅನ್ನುತ್ತಾನೆ. ನೀಲಿಗೆ ಒಗ್ಗಿಹೋದ ಕಣ್ಣಿಗೆ ಸರಿಯಾದ ಬಿಳಿ ಮೊದಮೊದಲು ಹಳದಿಯಾಗಿಯೇ ಕಾಣುತ್ತದೆ. ನಯವಾಗಿ ಮಾತಾಡುವವನಾದರೆ, ಸ್ವಲ್ಪ ದಿನ ನೋಡಿ ಸಾರ್, ಕಣ್ಣು ಹೊಂದಿಕೊಳ್ಳುತ್ತದೆ ಅನ್ನುತ್ತಿದ್ದ. ಮೋಹನದಾಸರು ಮಾತ್ರ "ಹಳದಿ ಪರದೆಯಲ್ಲಿ ಇಲ್ಲ, ನಿಮ್ಮ ಕಣ್ಣಲ್ಲಿ ಉಂಟು" ಅನ್ನುತ್ತಿದ್ದರು. ಅವರು ಆ ಮನೆಯ ಗೇಟು ದಾಟುವುದರೊಳಗೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು.

ನಮ್ಮವರ ಮನೆಗಳದ್ದಂತೂ ಬೇರೆಯೇ ರಗಳೆ. ನಮ್ಮವರು ಹಳದಿ ಅನ್ನುವುದಿಲ್ಲ, ಕಪ್ಪು ಅನ್ನುತ್ತಾರೆ. ಮದುವೆಯ ವಿಡಿಯೋ ಹಾಕಿ ನೋಡಿ, "ಸ್ವಲ್ಪ ಬ್ರೈಟ್ ಮಾಡಿ" ಅನ್ನುತ್ತಾರೆ. ಬ್ರೈಟ್ ಅಂದರೆ ಏನೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಮಿರ್ದಿಫ್‌ನ ಒಂದು ವಿಲ್ಲಾದ ಹೆಂಗಸು "ನಾವೆಲ್ಲ ಇಷ್ಟು ಕಪ್ಪಾ?" ಎಂದು ಕೇಳಿದ್ದಕ್ಕೆ ಇವರು, "ನಾನು ಬಂದದ್ದು ಪ್ರೊಜೆಕ್ಟರ್ ಸರಿ ಮಾಡ್ಲಿಕ್ಕೆ, ನಿಮ್ಮನ್ನು ಬೆಳ್ಳಗೆ ಮಾಡ್ಲಿಕ್ಕೆ ಅಲ್ಲ" ಎಂದು ಹೇಳಿ ರಿಮೋಟನ್ನು ಅವಳ ಕೈಗೆ ಕೊಟ್ಟು ಬಂದಿದ್ದರು. ಆಕೆಗೆ ಫೋನಿನಲ್ಲಿ ಕ್ಷಮೆ ಕೇಳಿದವಳು ನಾನು. ಫೋನು ಇಟ್ಟ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಮೋಹನದಾಸರನ್ನು ಕರೆಸಿ ಚೆನ್ನಾಗಿ ಬೈದೆ.

ಅವರ ಇನ್ನೊಂದು ಪದ್ಧತಿ ಹೇಳಬೇಕು. ಸೆನ್ಸರಿನ ಕೆಲಸ ಮುಗಿದ ಮೇಲೆ ಕೊನೆಗೊಮ್ಮೆ ಪರದೆಯ ಮೇಲೆ ಒಂದು ಫೋಟೋ ಹಾಕುತ್ತಿದ್ದರು. ಅದು ಅವರ ಒಬ್ಬಳೇ ಮಗಳು ಸುಪ್ರೀತಾಳದ್ದು. ಮಿರ್ದಿಫ್‌ನ ಅವರ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಊರಿಂದ ಬಂದ ಶಂಕರಪುರ ಮಲ್ಲಿಗೆಯನ್ನು ಮುಡಿದು ನಿಂತದ್ದು. ಕಪ್ಪು ಹುಡುಗಿ ಅವಳು, ಅಪ್ಪನದೇ ಬಣ್ಣ. ಏನೋ ಕೇಳಿ ಆಗ ತಾನೇ ನಕ್ಕು ಮುಗಿಸಿದ ಹಾಗಿರುವ ಮುಖ. ಆ ಮುಖ ಸರಿಯಾಗಿ ಬಂದರೆ ಮಾತ್ರ ಮೋಹನದಾಸರು ಸಾಮಾನು ಕಟ್ಟುತ್ತಿದ್ದರು. "ಸೆನ್ಸರಿಗೆ ತಪ್ಪಬಹುದು ಸುಮಿತ್ರಕ್ಕ, ಇವಳ ಬಣ್ಣ ನನಗೆ ತಪ್ಪುದಿಲ್ಲ" ಅನ್ನುತ್ತಿದ್ದರು. ಹೀಗೆ ದುಬೈಯ ಎಷ್ಟೋ ಸಿರಿವಂತರ ಗೋಡೆಗಳ ಮೇಲೆ ಅವಳ ಮುಖ ಬಂದು ಹೋಗಿದೆ. ಅವರಿಗೆ ಯಾರಿಗೂ ಅವಳು ಯಾರೆಂದು ಗೊತ್ತಿಲ್ಲ.

ಆ ಮುಖಕ್ಕೇ ಮದುವೆ ಕೂಡಿ ಬರುತ್ತಿರಲಿಲ್ಲ. ಹುಡುಗಿ ಓದಿದ್ದಾಳೆ, ಕ್ಲಿನಿಕ್ಕಿನ ಲ್ಯಾಬಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ, ಮಾತುಕತೆ ಎಲ್ಲ ಚಂದ. ಜಾತಕ ಕೂಡುತ್ತಿತ್ತು. ಫೋಟೋ ಕಳಿಸಿದ ಮೇಲೆ ಆ ಕಡೆಯ ಫೋನು ನಿಂತುಹೋಗುತ್ತಿತ್ತು. ಇಷ್ಟವಿಲ್ಲ ಎಂದಾದರೂ ಹೇಳಬೇಕಲ್ಲ? ಹೇಳುವುದಿಲ್ಲ. ಮುಂದೊಂದು ದಿನ ಯಾರದೋ ಗೃಹಪ್ರವೇಶದಲ್ಲಿ ಸಿಕ್ಕಿ, ಹಲ್ಲು ಬಿಟ್ಟುಕೊಂಡು "ಮಗಳು ಹೇಗಿದ್ದಾಳೆ?" ಎಂದು ಕೇಳುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ಫೋನುಗಳಿಗಾಗಿ ಕಾದವಳು ನಾನಲ್ಲ, ಮೋಹನದಾಸರೂ ಅಲ್ಲ. ಅವರ ಹೆಂಡತಿ ಸ್ವರ್ಣಲತಾ, ನನಗೆ ಸ್ವರ್ಣಕ್ಕ.

ಕೊನೆಗೆ ಅಬುಧಾಬಿಯ ಬನಿಯಾಸ್‌ನಿಂದ ಒಂದು ಸಂಬಂಧ ಬಂತು. ಜಲಜಾಕ್ಷಿ ಎಂಬವರು ಗಂಡನ ಜೊತೆ ಅಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದರು. ಅವರ ಮಗ ಸುಶಾಂತ್. ಇಲ್ಲೇ ಹುಟ್ಟಿ ಬೆಳೆದ ಹುಡುಗ. ಅವನೇ ಸುಪ್ರೀತಾಳನ್ನು ಯಾವುದೋ ಪೂಜೆಯಲ್ಲಿ ನೋಡಿ ಮೆಚ್ಚಿದ್ದನಂತೆ. ಸ್ವರ್ಣಕ್ಕ ನನಗೆ ಫೋನು ಮಾಡಿ ಅತ್ತರು. "ಇದೊಂದು ಕೂಡಿಬಂದ್ರೆ ಸಾಕು ಸುಮಿತ್ರಾ, ಇನ್ನು ಯಾರಿಗೂ ಫೋಟೋ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ" ಅಂದರು. ನಾನೂ ಕಣ್ಣು ಒರೆಸಿಕೊಂಡೆ.

ನಿಶ್ಚಿತಾರ್ಥ ಸೆಪ್ಟೆಂಬರಿನ ಒಂದು ಶುಕ್ರವಾರ, ಬನಿಯಾಸ್‌ನ ಒಂದು ಸಭಾಂಗಣದಲ್ಲಿ. ಖರ್ಚು, ಊಟ, ವಿಡಿಯೋ ಎಲ್ಲ ಗಂಡಿನ ಕಡೆಯದು. ಹುಡುಗ ಹುಡುಗಿಯ ಫೋಟೋಗಳನ್ನು ಜೋಡಿಸಿ ಮಾಡಿದ ವಿಡಿಯೋವನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಊರಿನ ನೆಂಟರಿಗೂ ಕಳಿಸುವುದು ಎಂದಾಗಿತ್ತು. ಮೋಹನದಾಸರು ಒಂದು ವಾರ ಮೊದಲೇ ನನ್ನ ಮೇಜಿನ ಮುಂದೆ ಬಂದು ನಿಂತರು. "ಆಫೀಸಿನ ಸೆನ್ಸರ್ ಒಂದು ದಿನಕ್ಕೆ ಬೇಕಿತ್ತು. ಅಲ್ಲಿಯ ಪ್ರೊಜೆಕ್ಟರ್ ನೋಡಿ ಬಂದೆ, ಸತ್ತವರ ಬಣ್ಣ ಬರ್ತದೆ ಮಾರಾಯ್ರೆ ಅದರಲ್ಲಿ. ನನ್ನ ಮಗಳನ್ನು ಹಾಗೆ ತೋರಿಸ್ಲಿಕ್ಕುಂಟಾ?" ನಾನು ಕೊಟ್ಟೆ. ಆ ಮುಖ ನೋಡಿ ಇಲ್ಲ ಎನ್ನಲು ಯಾರಿಗೂ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೇಗನೆ ಅವರು ಮೂವರೂ ನಾನೂ ಅವರ ಕಾರಿನಲ್ಲೇ ಹೊರಟೆವು. ತಲುಪಿದ ಮೇಲೆ ಹಣ್ಣು ಹೂವಿನ ಹರಿವಾಣಗಳನ್ನು ಒಳಗೆ ಸಾಗಿಸುವ ಗಡಿಬಿಡಿಯಲ್ಲಿ ಸೆನ್ಸರಿನ ಚೀಲ ಬಿಸಿಲಲ್ಲಿ ನಿಂತ ಕಾರಿನಲ್ಲೇ ಉಳಿಯಿತು. ನೆನಪಾದಾಗ ಮೋಹನದಾಸರು ಹಣೆ ಚಚ್ಚಿಕೊಂಡು ಓಡಿದರು. ಈ ದೇಶದ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಸೆನ್ಸರಿನ ಕಣ್ಣೇ ಕೆಡುತ್ತದೆ ಎಂದು ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಪಾಠ ಮಾಡುವವರು ಅವರೇ.

ಸುಪ್ರೀತಾಳನ್ನು ಅಲಂಕಾರಕ್ಕೆ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮೋಹನದಾಸರು ಸಭಾಂಗಣದ ದೀಪ ಆರಿಸಿ, ಸೆನ್ಸರ್ ನಿಲ್ಲಿಸಿ ಕೆಲಸಕ್ಕೆ ಕೂತರು. ನಾನು ವೀಳ್ಯದೆಲೆ ಜೋಡಿಸುತ್ತಾ ನೋಡುತ್ತಿದ್ದೆ. ಪರದೆಯ ನೀಲಿ ಇಳಿಯಿತು, ಬಿಳಿ ಬಿಳಿಯಾಯಿತು. "ಇವತ್ತು ಆ ಫೋಟೋ ಯಾಕೆ, ವಿಡಿಯೋದಲ್ಲೇ ಇದ್ದಾಳಲ್ಲ" ಎಂದು ನಗುತ್ತಾ, ವಿಡಿಯೋ ಮಾಡಿದ ಫಿಡೆಲಿಸ್‌ಗೆ ಹಾಕು ಅಂದರು. ಫಿಡೆಲಿಸ್ ಮಂಗಳೂರಿನವನು, ನಮ್ಮವರ ಸಮಾರಂಭಗಳಿಗೆಲ್ಲ ವಿಡಿಯೋ ಮಾಡುವವನು. ಅವನು ಯಾಕೋ ತಲೆ ಎತ್ತದೆ ಹಾಕಿದ.

ಪರದೆಯ ಮೇಲೆ ಸುಪ್ರೀತಾ ಬಂದಳು. ಅಕ್ಕಿ ಹಿಟ್ಟು ಮೆತ್ತಿದ ಹಾಗಿತ್ತು ಮುಖ.

ಮೋಹನದಾಸರು ಸೆನ್ಸರನ್ನು ಬೈದರು. "ಬಿಸಿಲಿಗೆ ಹೋಯ್ತು ಇದು, ಖಲಾಸ್. ನನ್ನದೇ ತಪ್ಪು." ಸೆನ್ಸರನ್ನು ಪಕ್ಕಕ್ಕೆ ತಿರುಗಿಸಿಟ್ಟು, ರಿಮೋಟು ಹಿಡಿದು ಬರೀ ಕಣ್ಣಳತೆಯಲ್ಲಿ ತಿದ್ದಲು ಕೂತರು. ಮಗಳ ಮುಖ ಮಗಳ ಬಣ್ಣಕ್ಕೆ ಬರುವ ತನಕ ಬಿಡಲಿಲ್ಲ. ಬೆವರು ಇಳಿಯುತ್ತಿತ್ತು, ಏಸಿ ಇದ್ದರೂ. ಅಂತೂ ಅವಳ ಮುಖ ಬಂತು. ಆದರೆ ಅವಳ ಮುಡಿಯ ಮಲ್ಲಿಗೆ ಅರಿಸಿನದಲ್ಲಿ ಅದ್ದಿದಂತಾಯಿತು. ವಿಡಿಯೋದಲ್ಲಿ ಅವಳ ಪಕ್ಕ ನಿಂತ ಸುಶಾಂತನ ಬಿಳಿ ಅಂಗಿ ಚಹಾ ಚೆಲ್ಲಿದ ಹಾಗೆ, ಜಲಜಾಕ್ಷಿಯ ಮುಖ ಇಟ್ಟಿಗೆಯ ಹಾಗೆ.

ನನಗೆ ತಡೆಯಲಾಗಲಿಲ್ಲ. "ಮೋಹನಣ್ಣ, ಸೆನ್ಸರ್ ಹೇಳಿದ್ದಕ್ಕೇ ವಾಪಸ್ ತನ್ನಿ. ನಿಮ್ಮ ಆ ಹಳೇ ಫೋಟೋ ಹಾಕಿ ನೋಡಿ ಒಂದ್ಸಲ" ಅಂದೆ.

ಹಾಗೇ ಮಾಡಿದರು. ಬಾಲ್ಕನಿಯ ಸುಪ್ರೀತಾ ಪರದೆ ತುಂಬ ನಿಂತಳು. ಮಲ್ಲಿಗೆ ಬಿಳಿ. ಮುಖ ಅವಳದೇ ಬಣ್ಣ. ಸೆನ್ಸರಿಗೆ ಏನೂ ಆಗಿರಲಿಲ್ಲ.

ಅವರಿಗೆ ಅರ್ಥವಾಗಲು ಯಾಕೆ ಅಷ್ಟು ಹೊತ್ತು ಬೇಕಾಯಿತು ಎಂದು ಆಮೇಲೆ ಹಲವರು ಕೇಳಿದ್ದಾರೆ. ಅವರಿಗೆ ಉಪಕರಣದ ಮೇಲೆ ಅನುಮಾನ ಬಂತು, ಬಿಸಿಲಿನ ಮೇಲೆ ಬಂತು, ತನ್ನ ಮೇಲೇ ಬಂತು. ಯಾರೋ ಕೂತು ತನ್ನ ಮಗಳ ಮುಖವನ್ನು ಬೇಕೆಂದೇ ತಿದ್ದಿರಬಹುದು ಎಂಬುದು ಮಾತ್ರ ಹೊಳೆಯಲಿಲ್ಲ. ಹೊಳೆದ ಕೂಡಲೇ ಎದ್ದ ರಭಸಕ್ಕೆ ಕುರ್ಚಿ ಉರುಳಿತು.

"ಫಿಡೆಲಿಸ್! ಎಂತ ಮಾಡಿದ್ದು ನೀನು?"

"ನನಗೆ ಬೈಬೇಡಿ ಮೋಹನಣ್ಣ. ಜಲಜಕ್ಕ ಹೇಳಿದ್ದು, ಹುಡುಗಿಯ ಮುಖ ಮಾತ್ರ ಸ್ವಲ್ಪ ಬೆಳ್ಳಗೆ ಮಾಡು, ಊರಿನವರು ನೋಡ್ತಾರೆ ಅಂತ. ನಾನು ಸ್ವರ್ಣಕ್ಕನಿಗೆ ಕೇಳಿಯೇ ಮಾಡಿದ್ದು."

ಅಷ್ಟರಲ್ಲಿ ಸ್ವರ್ಣಕ್ಕ ಹೊರಗಿನಿಂದ ಹೂವಿನ ಬುಟ್ಟಿ ಹಿಡಿದು ಬಂದರು. ಗಂಡ ಹೆಂಡತಿ ಮಾತಾಡುವುದು ತುಳುವಿನಲ್ಲಿ, ಜಗಳವಾಡುವುದೂ ತುಳುವಿನಲ್ಲಿ. ಅವತ್ತು ಮೋಹನದಾಸರು ತುಳುವಿನಲ್ಲಿ ಕೂಗಿದ್ದೆಲ್ಲ ನನಗೆ ತಿಳಿಯಲಿಲ್ಲ. ಸ್ವರ್ಣಕ್ಕ ಮಾತ್ರ, ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಉತ್ತರ ಕೊಟ್ಟರು.

"ಹೌದು, ನಾನೇ ಹ್ಞೂಂ ಅಂದದ್ದು. ಇಷ್ಟು ವರ್ಷ ಫೋಟೋ ಕಳಿಸಿ ಕಾದದ್ದು ಯಾರು? ನೀವಾ? ನೀವು ಯಾರ್ಯಾರದೋ ಮನೆಯಲ್ಲಿ ಬಿಳಿ ಬಂತಾ, ಕೆಂಪು ಬಂತಾ ಅಂತ ನೋಡ್ತಿದ್ರಿ. ಅವಳ ಬಣ್ಣ ಸರಿಯುಂಟು ಅಂತ ನಿಮ್ಮ ಸೆನ್ಸರ್ ಹೇಳ್ತದೆ. ಆ ಸೆನ್ಸರ್ ಅವಳನ್ನು ಮದುವೆ ಆಗ್ತದಾ?"

ಮೋಹನದಾಸರು ಕೈಯಲ್ಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟರು. ಸ್ವರ್ಣಕ್ಕನ ಮೇಲೆ ಸಿಟ್ಟು ಮಾಡೋಣವೆಂದರೆ ನನಗೂ ಆಗಲಿಲ್ಲ. ಸಿಟ್ಟು ಬಂದದ್ದು ಫೋನು ನಿಲ್ಲಿಸಿ ಅವರನ್ನು ಆ ಗತಿಗೆ ತಂದವರ ಮೇಲೆ; ಅವರಲ್ಲಿ ಒಬ್ಬರೂ ಆ ಸಭಾಂಗಣದಲ್ಲಿ ಇರಲಿಲ್ಲ.

ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಸುಪ್ರೀತಾ ಬಂದಳು. ರೇಷ್ಮೆ ಸೀರೆ, ಕುತ್ತಿಗೆಗೆ ಸುತ್ತಿದ ಟಿಶ್ಯೂ ಕಾಗದ, ಮುಖಕ್ಕೆ ಅರ್ಧ ಮೇಕಪ್ಪು. ಬ್ಯೂಟಿಶಿಯನ್‌ಳನ್ನು ಕಳಿಸಿದ್ದೂ ಜಲಜಾಕ್ಷಿಯೇ. ಹಣೆ ಮತ್ತು ಒಂದು ಕೆನ್ನೆ ವಿಡಿಯೋದಲ್ಲಿದ್ದ ಬಣ್ಣಕ್ಕೇ ಬಂದಿತ್ತು. ಇನ್ನೊಂದು ಕೆನ್ನೆ ಇನ್ನೂ ಅವಳದ್ದಾಗಿತ್ತು. ಹಿಂದೆಯೇ ಜಲಜಾಕ್ಷಿ, ಸುಶಾಂತ್ ಬಂದರು. ಹೊರಗೆ ನೆಂಟರ ಕಾರುಗಳು ಬಂದು ನಿಲ್ಲುವ ಸದ್ದು ಕೇಳುತ್ತಿತ್ತು.

"ಇದಕ್ಕೆಲ್ಲ ಎಂತ ಬೇಜಾರು ಭಾವ? ಎಲ್ಲರ ಮನೆಯಲ್ಲೂ ಮಾಡ್ತಾರೆ" ಎಂದರು ಜಲಜಾಕ್ಷಿ. ಕೆಟ್ಟ ಹೆಂಗಸಲ್ಲ. ನಗುತ್ತಲೇ ಹೇಳಿದರು. ನಗುತ್ತಾ ಹೇಳಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. "ನನಗೆ ಸುಪ್ರೀತಾ ಚಂದವೇ. ಊರಿನಲ್ಲಿ ನನ್ನ ಅಕ್ಕತಂಗಿಯರ ಬಾಯಿ ಉಂಟಲ್ಲ, ಅದಕ್ಕೆ."

ಸುಪ್ರೀತಾ ಸುಶಾಂತನತ್ತ ತಿರುಗಿದಳು. "ನಿನಗೆ ಗೊತ್ತಿತ್ತಾ?"

ಅವನು ಭುಜ ಹಾರಿಸಿದ. "ಇಟ್ಸ್ ಜಸ್ಟ್ ಎ ವಿಡಿಯೋ, ಸುಪ್ರೀ. ಅಮ್ಮನಿಗೆ ಖುಷಿ ಆಗ್ತದೆ ಅಂದ್ರೆ ಆಗ್ಲಿ."

ನಾನು ಮೋಹನದಾಸರ ಕಡೆ ನೋಡಿದೆ. ಒಂದು ಚೂರು ನೀಲಿ ಹೆಚ್ಚಾದರೂ ಶೇಖುಗಳ ಮ್ಯಾನೇಜರುಗಳ ಜೊತೆ ಕೈ ಕೈ ಮಿಲಾಯಿಸುವ ಮನುಷ್ಯ, ಹೆಂಡತಿಯ ಮುಖ ನೋಡಿ, ಬಾಗಿಲ ಕಡೆ ನೋಡಿ, ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ದನಿ ಇಳಿಸಿದರು. "ಆಯ್ತು ಮಗಾ. ಒಂದು ವಿಡಿಯೋ ಅಲ್ವಾ. ಇವತ್ತೊಂದು ದಿನ ಬಿಡು."

ಸುಪ್ರೀತಾ ಅಪ್ಪನನ್ನೇ ನೋಡಿದಳು. ಅತ್ತಿರಲಿಲ್ಲ.

"ಊರವರ ಗೋಡೆಗೆಲ್ಲ ನನ್ನ ಮುಖ ಹಾಕಿದ್ರಿ ಅಪ್ಪ. ಯಾರು ಏನು ಹೇಳಿದ್ರೂ ಬಿಡ್ಲಿಲ್ಲ. ನನ್ನ ನಿಶ್ಚಿತಾರ್ಥಕ್ಕೆ ಹಾಕ್ಲಿಕ್ಕೆ ಹೆದರಿಕೆಯಾ?"

ಕುತ್ತಿಗೆಯ ಟಿಶ್ಯೂ ಕಿತ್ತು ಕೆನ್ನೆಯನ್ನೂ ಹಣೆಯನ್ನೂ ಉಜ್ಜತೊಡಗಿದಳು. ಬ್ಯೂಟಿಶಿಯನ್ ಅಯ್ಯೋ ಅಯ್ಯೋ ಎಂದಳು. ಕಾಗದ ಹರಿದರೂ ಅವಳು ಬಿಡಲಿಲ್ಲ; ಸೀರೆಯ ಸೆರಗಿನಿಂದಲೇ ಉಜ್ಜಿದಳು.

ಮೋಹನದಾಸರು ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತರು. ಫಿಡೆಲಿಸ್‌ನ ವಿಡಿಯೋ ಮುಚ್ಚಿದರು. ಬಾಲ್ಕನಿಯ ಫೋಟೋ ಪರದೆ ತುಂಬ ಬಂತು. ಅಷ್ಟರಲ್ಲಿ ಬಾಗಿಲು ತೆರೆದು ಗಂಡಿನ ಕಡೆಯ ನೆಂಟರು ಒಳಗೆ ಬರತೊಡಗಿದ್ದರು. ಬಂದವರು ಬಂದಲ್ಲೇ ನಿಂತು, ಪರದೆಯನ್ನೂ ಅದರ ಕೆಳಗೆ ಉಜ್ಜಿ ಕೆಂಪಾದ ಮುಖ ಹೊತ್ತು ನಿಂತ ಹುಡುಗಿಯನ್ನೂ ನೋಡಿದರು.

"ಭಾವ, ಅದು ಕಪ್ಪಗೆ ಬರ್ತಾ ಉಂಟು. ಜನ ಬಂದ್ರು, ಬೇಗ ಸರಿ ಮಾಡಿ" ಎಂದರು ಜಲಜಾಕ್ಷಿ. ಈಗ ನಗುತ್ತಿರಲಿಲ್ಲ.

"ಸರಿ ಉಂಟು ಇದು. ನಾನು ಅಳೆದು ನೋಡಿದ್ದೇನೆ" ಎಂದರು ಮೋಹನದಾಸರು, ಆ ಹಳೆಯ ಗಟ್ಟಿ ದನಿಯಲ್ಲಿ. "ನಿಮ್ಮ ಸೊಸೆಯ ಬಣ್ಣ ಇದೇ. ಬೇಕಾ ಬೇಡವಾ, ಈಗ ಹೇಳಿ."

ಜಲಜಾಕ್ಷಿ ನೆಂಟರ ಕಡೆ ನೋಡಿದರು. ಸುಶಾಂತ್ ಅಮ್ಮನ ಕಡೆ ನೋಡಿದ. ಒಂದು ಮಾತು ಸಾಕಿತ್ತು ಅವನದು, ಬರೀ ಒಂದು 'ಬೇಕು'. ನಾನು ಮನಸ್ಸಿನಲ್ಲೇ ಅವನಿಗೆ ಹೇಳಿಕೊಡುತ್ತಿದ್ದೆ, ಹೇಳೋ, ಬಾಯಿ ಬಿಡೋ ಎಂದು. ಅವನು ಜೇಬಿನಿಂದ ಫೋನು ತೆಗೆದು, ಸುಮ್ಮನೆ ನೋಡಿ, ಮತ್ತೆ ಜೇಬಿಗಿಟ್ಟ.

ಸುಪ್ರೀತಾ ಕಾದಳು. ಅಷ್ಟು ಹೊತ್ತು ಅವಳು ಕಾಯಬಾರದಿತ್ತು.

ಕೊನೆಗೆ ಕದಲಿದವರು ಸ್ವರ್ಣಕ್ಕ. ನೆಟ್ಟಗೆ ಮೇಜಿನ ಹತ್ತಿರ ಹೋದರು. ನಾನು ಜೋಡಿಸಿಟ್ಟ ವೀಳ್ಯದೆಲೆ, ತೆಂಗಿನಕಾಯಿ, ಹೂವಿದ್ದ ನಮ್ಮ ಕಡೆಯ ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಗಂಡಿನ ಕಡೆಗೆ ದಾಟಿಸಬೇಕಾಗಿದ್ದ ಹರಿವಾಣ ಅದು. ಎತ್ತಿಕೊಂಡು ಮಗಳ ಹತ್ತಿರ ಬಂದು "ನಡಿ" ಅಂದರು. ಅಷ್ಟೇ. ಇದೊಂದು ಕೂಡಿಬಂದರೆ ಸಾಕು ಎಂದು ಅತ್ತ ಹೆಂಗಸು ಹಿಂದೆ ತಿರುಗಿ ನೋಡದೆ ನೆಂಟರ ನಡುವಿಂದ ಹೊರಟರು. ಜಲಜಾಕ್ಷಿ "ಸ್ವರ್ಣಕ್ಕ, ಸ್ವರ್ಣಕ್ಕ, ಇದೆಂತ ಇದು" ಎನ್ನುತ್ತಾ ಬಾಗಿಲ ತನಕ ಬಂದರು.

ಕಾರು ಕಾದ ಬಾಣಲೆಯಾಗಿತ್ತು. ದುಬೈ ರಸ್ತೆಗೆ ಸೇರಿದೆವು. ಮೋಹನದಾಸರು ಇದ್ದಕ್ಕಿದ್ದಂತೆ ಬ್ರೇಕಿನ ಮೇಲೆ ಕಾಲಿಟ್ಟು, "ಸೆನ್ಸರ್! ಆಫೀಸಿನ ಸೆನ್ಸರ್ ಅಲ್ಲೇ ಬಿಟ್ಟು ಬಂದೆ" ಅಂದರು.

"ಇಲ್ಲುಂಟು" ಎಂದರು ಸ್ವರ್ಣಕ್ಕ. ಮುಂದಿನ ಸೀಟಿನಲ್ಲಿ ಕೂತಿದ್ದ ಅವರ ಮಡಿಲಲ್ಲಿ ಹರಿವಾಣ, ಹರಿವಾಣದಲ್ಲಿ ತೆಂಗಿನಕಾಯಿಯ ಪಕ್ಕಕ್ಕೆ ಸೆನ್ಸರು. ಯಾವಾಗ ಸ್ಟ್ಯಾಂಡಿನಿಂದ ಬಿಚ್ಚಿಕೊಂಡರೋ ನಮಗಾರಿಗೂ ಗೊತ್ತಿಲ್ಲ. "ಬಿಸಿಗೆ ಹಾಳಾಗ್ತದೆ ಅಂತೀರಲ್ಲ" ಎಂದು ಅದನ್ನು ಎತ್ತಿ ಏಸಿಯ ತಂಪು ಗಾಳಿಗೆ ಹಿಡಿದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಸುಪ್ರೀತಾ ಆಗ ಅತ್ತಳು. ದುಬೈ ಬರುವ ತನಕ ಸ್ವರ್ಣಕ್ಕ ಹಿಡಿದ ಕೈ ಇಳಿಸಲಿಲ್ಲ.

ಲ್ಯಾಪ್‌ಟಾಪ್ ಮಾತ್ರ ಅಲ್ಲೇ ಉಳಿದಿತ್ತು. ಶುಕ್ರವಾರ ಶನಿವಾರದ ರಜೆ ಮುಗಿದು, ಭಾನುವಾರ ಫಿಡೆಲಿಸ್ ಅದನ್ನು ಆಫೀಸಿಗೆ ತಂದುಕೊಟ್ಟ. ನನ್ನ ಮೇಜಿನ ಮೇಲೆ ಇಟ್ಟು, ಕೂರದೆ, ನಿಂತೇ ಹೇಳಿದ. ನಾವು ಅಲ್ಲಿಂದ ಹೊರಟು ಬಂದ ಮೇಲೆ ನೆಂಟರು ಹೇಗೂ ಬಂದಿದ್ದಾರಲ್ಲ ಎಂದು ಊಟಕ್ಕೆ ಕೂರಿಸಿದರಂತೆ. ಪರದೆಯ ಮೇಲಿನ ಫೋಟೋ ಆರಿಸು ಎಂದು ಜಲಜಾಕ್ಷಿ ಅವನಿಗೆ ಹೇಳಿದರಂತೆ. ಇವನು, ಲ್ಯಾಪ್‌ಟಾಪ್ ನನ್ನದಲ್ಲ, ನಾನು ಮುಟ್ಟುದಿಲ್ಲ ಅಂದನಂತೆ. ಪಾಯಸ ಬಡಿಸಿ, ಎಲೆ ತೆಗೆದು, ಎಲ್ಲರೂ ಕೈ ತೊಳೆಯುವವರೆಗೂ ಸುಪ್ರೀತಾ ಗೋಡೆ ತುಂಬ ನಿಂತೇ ಇದ್ದಳಂತೆ. ಕುರ್ಚಿಗಳೆಲ್ಲ ಪರದೆಯ ಕಡೆಗೇ ಮುಖ ಮಾಡಿದ್ದರಿಂದ ಯಾರಿಗೂ ಅವಳ ಕಡೆ ಬೆನ್ನು ಹಾಕಿ ಕೂರಲು ಜಾಗವಿರಲಿಲ್ಲವಂತೆ.

ಮೋಹನದಾಸರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕಣ್ಣು ಇನ್ನೂ ಕೆಂಪಗಿತ್ತು.

"ಕೊನೆವರೆಗೂ ಬಣ್ಣ ಸರಿ ಇತ್ತಾ?" ಎಂದು ಕೇಳಿದರು.

"ಸರಿ ಇತ್ತು ಮೋಹನಣ್ಣ" ಎಂದ ಫಿಡೆಲಿಸ್.